ಭಾನುವಾರ ನಿಲ್ಲುವ ಗಾಡಿ

ಸೋಮವಾರ ಬಂತೆಂದರೆ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವವರಿಗೆ ಹಬ್ಬ. ನಾನು ಗೇಟಿನೊಳಗೆ ಕಾಲಿಡುವುದೇ ತಡ, ಬೆಂಚಿನ ಮೇಲೆ ಕೂತ ಶಿವರಾಮ್ ಶುರು ಮಾಡುತ್ತಿದ್ದರು.

"ಏನ್ ಮೇಡಂ, ನಿಮ್ ಹುಡುಗಿ ಗಾಡಿ ಈ ಸಲನಾದ್ರೂ ಗೆರೆ ದಾಟ್ತಾ, ಇಲ್ಲಾ ತಳ್ಕೊಂಡ್ ಬಂದ್ರಾ?"

"ಮುಂದಿನ ಸಲ ತಳ್ಳಕ್ಕೆ ನಿಮ್ಮನ್ನೇ ಕರೀತಾಳಂತೆ. ಸೊಂಟ ಸರಿಹೋಯ್ತಾ ಅಂತ ವಿಚಾರಿಸ್ಕೊಂಡ್ ಬಾ ಅಂದ್ಲು."

ಕೋಪ ನನಗೆ ಮೂಗಿನ ತುದಿಯಲ್ಲೇ. ಜಯನಗರದ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಚೂಡಾಮಣಿ ಮಿಸ್ಸು ಬಂದರೆಂದರೆ ನಾಲ್ಕನೇ ಬ್ಲಾಕಿನ ತರಕಾರಿ ಅಂಗಡಿಯಲ್ಲಿ ಈಗಲೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಗಂಡಸರಿದ್ದಾರೆ. ಸುಲಭಕ್ಕೆ ಯಾರನ್ನೂ ಹೊಗಳಿದವಳಲ್ಲ. ಆದರೆ ನನ್ನ ತಮ್ಮನ ಮಗಳು ಧೃತಿಯ ಬಗ್ಗೆ, ಅವಳ ಸೋತು ಸುಣ್ಣವಾದ ರೇಸಿಂಗ್ ತಂಡದ ಬಗ್ಗೆ ಯಾರಾದರೂ ನಾಲಿಗೆ ಹರಿಬಿಟ್ಟರೆ ಸುಮ್ಮನೆ ಬಿಡುವವಳೂ ಅಲ್ಲ.

ತಂಡದ ಹೆಸರು ಗೊಟ್ಟಿಗೆರೆ ರೇಸಿಂಗ್. ಹುಲಿ, ಹದ್ದು, ಮಿಂಚು, ಗುಡುಗು ಎಂದೆಲ್ಲ ಇಂಗ್ಲಿಷಿನಲ್ಲಿ ಹೆಸರಿಟ್ಟುಕೊಂಡ ತಂಡಗಳ ಸಾಲಿನಲ್ಲಿ ಮೈಕಿನವನು "ಗೊಟ್ಟಿಗೆರೆ" ಎಂದು ಕೂಗಿದಾಗ ಜನ ನಗುತ್ತಾರೆ. ನಗಲಿ. ತಂಡದಲ್ಲಿರುವುದು ಮೂರೇ ಜನ. ಗಾಡಿ ಓಡಿಸುವವಳು ಧೃತಿ. ವಾರವೆಲ್ಲ ಬಿಟಿಎಂ ಲೇಔಟಿನ ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಗೊತ್ತಿಲ್ಲದ ಆಂಟಿಯರಿಗೆ ಕಾರು ಕಲಿಸುತ್ತಾಳೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಗೋಳಾಡುವ ಹೆಂಗಸರನ್ನು ಪಕ್ಕದಲ್ಲಿ ಕೂತು ಸಮಾಧಾನ ಮಾಡುವವಳಿಗೆ ರೇಸ್ ಟ್ರ್ಯಾಕಿನಲ್ಲಿ ಎಂಥ ಭಯ? ಗಾಡಿಯ ರಿಪೇರಿ, ಕಂಪ್ಯೂಟರು, ಓಟದ ಲೆಕ್ಕಾಚಾರ ಎಲ್ಲ ಸುಶ್ರುತನದು. ಧೃತಿಯ ಜೊತೆ ಇಂಜಿನಿಯರಿಂಗ್ ಓದಿದವನು, ಗಿರಿನಗರದವನು, ಊಟಕ್ಕೆ ಕೂತಾಗಲೂ ಉಗುರಿನಲ್ಲಿ ಗ್ರೀಸು.

ಮೂರನೆಯವರು ಚಿಕ್ಕಬೈರಪ್ಪ. ಗೊಟ್ಟಿಗೆರೆಯ ಹಳಬರು. ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಶೆಡ್ಡುಗಳಿವೆ. ಅವುಗಳಲ್ಲಿ ಕೊನೆಯದನ್ನು ಈ ಹುಡುಗರು ಹಿಡಿದಾಗ "ಅದೇನ್ ಸದ್ದಯ್ಯ ಅದು" ಎಂದು ಬೈಯಲು ಬಂದವರು, ಬೈಯುವುದನ್ನು ಮರೆತು ಅಲ್ಲೇ ಉಳಿದುಬಿಟ್ಟರು. ಒಂದು ವಾರದಲ್ಲಿ ಟೈರು ಬಿಚ್ಚುವುದು ಕಲಿತರು. ಒಂದು ತಿಂಗಳಲ್ಲಿ ಸುಶ್ರುತ ಅವರಿಗೆ ಇಂಜಿನ್ ಸ್ಟಾರ್ಟ್ ಮಾಡುವುದನ್ನೂ ತೋರಿಸಿಕೊಟ್ಟ. ಆ ಗಾಡಿಯನ್ನು ಅವರು ಗಾಡಿ ಎಂದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಅವರಿಗೆ ಅದು ಕೂಸು. ಹೆಗಲ ಮೇಲಿನ ಟವಲಿನಿಂದ ಅದರ ಮೂತಿ ಒರೆಸುವಾಗ ಅವರ ಹೆಂಡತಿ ಸೊಣ್ಣಮ್ಮ ನನ್ನ ಹತ್ತಿರ ಹೇಳಿದ್ದರು, "ನಮ್ ಮಕ್ಕಳ ಮೂಗು ಒಂದ್ ದಿನ ಒರೆಸಿದೋರಲ್ಲ ಕಣಮ್ಮ ಈವಯ್ಯ."

ಇಂಥ ಮೂವರು ಸೇರಿ ಮಾಡಿದ ತಂಡ, ನೋಡಿ, ಪ್ರತಿ ಸಲವೂ ಕೊನೆ. ಅದೂ ವಿಚಿತ್ರವಾದ ಕೊನೆ. ಶನಿವಾರದ ಚಿಕ್ಕ ರೇಸಿನಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಭಾನುವಾರ ಸಂಜೆಯ ದೊಡ್ಡ ರೇಸಿನಲ್ಲಿ ಅರ್ಧ ದಾರಿಯಲ್ಲಿ ಕೆಂಪು ದೀಪ ಹತ್ತಿ, ಹಿಂದಿನಿಂದ ಹಬೆ ಎದ್ದು ನಿಂತುಬಿಡುತ್ತಿತ್ತು. ಮೊದಲ ಸಲ ರೇಡಿಯೇಟರ್ ಬದಲಾಯಿಸಿದರು. ಆಮೇಲೆ ನೀರಿನ ಪಂಪು. ಆಮೇಲೆ ಪೈಪುಗಳನ್ನೆಲ್ಲ. ಶನಿವಾರ ಓಡುವ ಗಾಡಿ ಭಾನುವಾರ ನಿಂತೇ ನಿಲ್ಲುತ್ತಿತ್ತು. "ಶನಿವಾರ ಆಂಜನೇಯ ಕಾಪಾಡ್ತಾನೆ, ಭಾನುವಾರ ಅವನಿಗೂ ರಜಾ" ಎಂದು ಶಿವರಾಮ್ ಜೋಕು ಮಾಡಿದರು. ಆ ದಿನ ನಾನು ಅವರ ಜೊತೆ ಮಾತು ಬಿಟ್ಟೆ.

ಆಮೇಲೆ ರೇಸ್ ನಡೆಸುವವರು ಧೃತಿಯನ್ನು ಕರೆಸಿ ಹೇಳಿದರು: ಭಾನುವಾರದ ರೇಸನ್ನು ಈ ವರ್ಷ ಒಮ್ಮೆಯೂ ಮುಗಿಸದ ತಂಡಕ್ಕೆ ಮುಂದಿನ ವರ್ಷ ಜಾಗವಿಲ್ಲ. ಹೊರಗೆ ಬೇರೆ ತಂಡಗಳು ಕಾಯುತ್ತಿವೆ. ಉಳಿದಿದ್ದವು ಎರಡೇ ಭಾನುವಾರ.

ಧೃತಿ ಅಂದು ರಾತ್ರಿಯ ಊಟಕ್ಕೆ ನಮ್ಮ ಮನೆಗೆ ಬಂದವಳು ಸಾರನ್ನ ಕಲಸಿಕೊಂಡು ತುತ್ತೆತ್ತದೆ ಕೂತಿದ್ದಳು. ಬಿದ್ದು ಮೊಣಕೈ ಮುರಿದುಕೊಂಡಾಗಲೂ ಅಳದ ಹುಡುಗಿ. "ಗೆಲ್ಬೇಕು ಅಂತಿಲ್ಲ ಅತ್ತೆ. ಒಂದ್ಸಲ ಗೆರೆ ದಾಟ್ಬೇಕು ಅಷ್ಟೆ. ಆಮೇಲೆ ಗೆಲ್ಲೋದು ನಂಗೆ ಗೊತ್ತು" ಎಂದಳು. ಮುಂದಿನ ರೇಸಿಗೆ ನಾನೂ ಬರುತ್ತೇನೆ ಎಂದುಬಿಟ್ಟೆ.

ಅಲ್ಲಿಯವರೆಗೆ ನಾನು ಟ್ರ್ಯಾಕಿಗೆ ಹೋಗಿರಲಿಲ್ಲ. ಪುಳಿಯೋಗರೆ, ಮೊಸರನ್ನ ಕಟ್ಟಿ ಕಳಿಸುತ್ತಿದ್ದೆ, ಅಷ್ಟೇ. ಆ ಭಾನುವಾರ ಡಬ್ಬಿಗಳ ಜೊತೆ ನಾನೂ ಹೊರಟೆ. ಹೊಸೂರು ದಾಟಿ ಬಹಳ ದೂರ ಹೋದ ಮೇಲೆ ಸಿಗುವ ಜಾಗ. ಟ್ರ್ಯಾಕಿನ ಪಕ್ಕಕ್ಕೆ ಸಾಲಾಗಿ ತೆರೆದ ಕೋಣೆಗಳು, ಒಂದೊಂದು ತಂಡಕ್ಕೆ ಒಂದೊಂದು. ಅವಕ್ಕೆ ಪಿಟ್ ಎನ್ನುತ್ತಾರೆ. ನಮ್ಮ ಪಕ್ಕದ್ದು ಕೊಯಮತ್ತೂರಿನವರ ಪಿಟ್. ಅವರ ಹತ್ತಿರ ಫಳಫಳ ಹೊಳೆಯುವ ಸಾಮಾನು, ಒಂದೇ ಬಣ್ಣದ ಶರಟು ಹಾಕಿಕೊಂಡ ಹತ್ತು ಜನ. ನಮ್ಮಲ್ಲಿ ಒಂದು ಟೇಬಲ್ ಫ್ಯಾನು, ನನ್ನ ಡಬ್ಬಿಗಳು ಮತ್ತು ಚಿಕ್ಕಬೈರಪ್ಪ.

ನಾಲ್ಕು ಗಂಟೆಯ ಹೊತ್ತಿಗೆ ಓಡಿಸುವವರನ್ನೂ ಇಂಜಿನಿಯರುಗಳನ್ನೂ ಮೀಟಿಂಗಿಗೆ ಕರೆದರು. ಧೃತಿ, ಸುಶ್ರುತ ಹೋದರು. ಬೈರಪ್ಪ ವಾಚು ನೋಡಿಕೊಂಡರು. ಎದ್ದು ಗಾಡಿಯ ಸುತ್ತ ಒಂದು ಸುತ್ತು ಬಂದು, ಕೈಮುಗಿದು, ಇಂಜಿನ್ ಸ್ಟಾರ್ಟ್ ಮಾಡಿದರು. ಸುತ್ತಮುತ್ತ ಎಲ್ಲ ಪಿಟ್‌ಗಳಲ್ಲೂ ಗುಡುಗುಡು ಎನ್ನುತ್ತಿದ್ದ ಕಾರಣ ಯಾರೂ ತಿರುಗಿಯೂ ನೋಡಲಿಲ್ಲ.

ನನಗೆ ತಕ್ಷಣ ಹೊಳೆಯಿತು. ಭಾನುವಾರ ನಾಲ್ಕೂವರೆಗೆ ರಾಹುಕಾಲ. ರೇಸು ಶುರುವಾಗುವುದೇ ಅದರ ಹೊಟ್ಟೆಯಲ್ಲಿ. ಹಾಗಾಗಿ ಅದಕ್ಕೆ ಮುಂಚೆಯೇ ಕೂಸು ಹೊರಟಂತೆ ಆಗಲಿ ಎಂದು ಇವರು ಸ್ಟಾರ್ಟ್ ಮಾಡಿಟ್ಟಿದ್ದಾರೆ.

"ರಾಹುಕಾಲಕ್ಕಾ?" ಎಂದು ಕೇಳಿದೆ.

ಬೈರಪ್ಪ ನಾಚಿಕೊಂಡರು. "ಹೂಂ ಕಣಮ್ಮಾರೆ. ಹುಡುಗ್ರಿಗೆ ಯೋಳ್ಬೇಡಿ, ನಗ್ತವೆ. ಪ್ರತಿ ಭಾನುವಾರನೂ ಇದೇ ಕೆಲ್ಸ ನಂದು. ಒಂದ್ಸಲ ಸ್ಟಾರ್ಟ್ ಮಾಡಿದ್ಮ್ಯಾಕೆ ನಿಲ್ಲಿಸ್ಬಾರ್ದು, ಅಪಶಕುನ. ಇಷ್ಟು ಮಾಡಿದ್ರೂ ಕೂಸು ದಾರೀಲಿ ನಿಂತ್ಕತದೆ. ನಾನು ಮಾಡ್ದೆ ಹೋಗಿದ್ರೆ ಇನ್ನೇನಾಗ್ತಿತ್ತೋ."

ಗಾಡಿಯ ಹೊಟ್ಟೆಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಬೈರಪ್ಪ ಮೊಣಕಾಲೂರಿ ಕೂತು ಟವಲಿನಿಂದ ನೆಲ ಒರೆಸಿದರು. "ಬೆವರ್ತಾ ಅದೆ, ಪಾಪ. ಹೆದ್ರಿಕೆ ಅದಕ್ಕೂ." ಲೆಕ್ಕದ ಟೀಚರಾದ ನನಗೆ ರಾಹುವೂ ಇಲ್ಲ ಕೇತುವೂ ಇಲ್ಲ. ಆದರೂ ಆ ಮನುಷ್ಯನ ಪ್ರೀತಿ ಕಂಡು ಕಣ್ಣು ತುಂಬಿತು. ಮೀಟಿಂಗ್ ಮುಗಿಸಿ ಹುಡುಗರು ಓಡಿಬಂದರು, ಆಗತಾನೇ ಸ್ಟಾರ್ಟ್ ಮಾಡಿದ್ದಾರೆ ಎಂದುಕೊಂಡರು, ಧೃತಿ ಹತ್ತಿ ಕೂತಳು, ಹೋದಳು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು.

ಎರಡು ದಿನ ಕಳೆದು ಗೊಟ್ಟಿಗೆರೆಯ ಶೆಡ್ಡಿಗೆ ತಿಂಡಿ ತೆಗೆದುಕೊಂಡು ಹೋದೆ. ಬೈರಪ್ಪ ಇರಲಿಲ್ಲ, ಕೂಸಿಗೆ ಹರಕೆ ಹೊರಲು ಸೊಣ್ಣಮ್ಮನ ಜೊತೆ ದೇವಸ್ಥಾನಕ್ಕೆ ಹೋಗಿದ್ದರು. ಸುಶ್ರುತ ಇಂಜಿನ್ ಬಿಚ್ಚಿ ಹರಡಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಎಲ್ಲಾ ಸರಿ ಇದೆ ಆಂಟಿ. ಅದೇ ನಂಗೆ ಹುಚ್ಚು ಹಿಡಿಸ್ತಿರೋದು. ಒಂದು ತೂತಿಲ್ಲ, ಒಂದು ಬಿರುಕಿಲ್ಲ. ಆದ್ರೂ ಅರ್ಧ ನೀರು ಮಾಯ. ಕಂಪ್ಯೂಟರ್‌ನಲ್ಲಿ ನೋಡಿದ್ರೆ ರೇಸ್ ಶುರುವಾಗೋ ಮುಂಚೇನೇ ಗಾಡಿ ಕಾದಿರುತ್ತೆ. ಹೆಂಗೆ ಸಾಧ್ಯ? ಚಕ್ರ ತಿರುಗೋಕ್ ಮುಂಚೆ ಏನಾಯ್ತು ಅಂತ ಅದ್ರಲ್ಲಿ ರೆಕಾರ್ಡ್ ಆಗಲ್ಲ."

"ಕಾಯೋದು ಅಂದ್ರೆ?"

"ನಮ್ ಕಾರ್‌ಗಳಲ್ಲಿ ಫ್ಯಾನ್ ಇರುತ್ತಲ್ಲ, ಇದ್ರಲ್ಲಿ ಇಲ್ಲ. ಓಡ್ತಾ ಇದ್ರೆ ಗಾಳಿ ಬಡಿದು ತಣ್ಣಗಾಗುತ್ತೆ. ನಿಂತಲ್ಲೇ ಸ್ಟಾರ್ಟ್ ಮಾಡಿಟ್ರೆ ನೀರು ಕುದ್ದು ಹೊರಗೆ ಹೋಗ್ಬಿಡುತ್ತೆ. ಆದ್ರೆ ಹಂಗೆ ಯಾರ್ ಮಾಡ್ತಾರೆ?"

ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟೆ. ಅಯ್ಯೋ ದೇವರೇ ಎಂದು ಬಾಯಿಂದಲೇ ಬಂತು. ಶನಿವಾರ ರಾಹುಕಾಲ ಬೆಳಿಗ್ಗೆಯೇ ಕಳೆದುಹೋಗುತ್ತದೆ. ಮಧ್ಯಾಹ್ನದ ರೇಸಿಗೆ ಅದರ ಕಾಟವಿಲ್ಲ, ಗಾಡಿ ಓಡುತ್ತದೆ. ಭಾನುವಾರ ಮಾತ್ರ ಆ ಮಹಾನುಭಾವರು ಕಾಪಾಡಲು ಹೋಗಿ, ಅರ್ಧ ಗಂಟೆ ನಿಂತಲ್ಲೇ ಬೇಯಿಸಿ ಕಳಿಸುತ್ತಾರೆ. ಬೆವರು ಎಂದು ಅವರು ಒರೆಸಿದ್ದು ಗಾಡಿಯ ಜೀವವನ್ನೇ.

ಸಂಜೆ ಧೃತಿ ಬಂದ ಮೇಲೆ ಇಬ್ಬರಿಗೂ ಹೇಳಿದೆ. ಸುಶ್ರುತ ಕೈಲಿದ್ದ ಸ್ಪ್ಯಾನರನ್ನು ಮೂಲೆಗೆ ಎಸೆದ.

"ಇಡೀ ವರ್ಷ! ಇಡೀ ವರ್ಷ ಆ ತಾತ ನಮ್ ಗಾಡಿನ ಸಾಯಿಸಿದ್ದಾರೆ ಮಗಾ! ಮುಂದಿನ ರೇಸ್‌ಗೆ ಅವ್ರು ಬರೋದೇ ಬೇಡ."

ಅವನ ಸಿಟ್ಟು ನ್ಯಾಯವೇ. ನನಗೂ ಸಂಜೆಯವರೆಗೂ ಹಾಗೇ ಉರಿದಿತ್ತು; ಎದುರಿಗೆ ಸಿಕ್ಕಿದ್ದರೆ ಬೈರಪ್ಪನವರನ್ನು ಬೆಂಚಿನ ಮೇಲೆ ನಿಲ್ಲಿಸಿಬಿಡುತ್ತಿದ್ದೆ. ಧೃತಿ ಮಾತ್ರ ಬೈಯಲಿಲ್ಲ, ಗಾಡಿಯ ಚಕ್ರದ ಮೇಲೆ ಕೂತಳು. ಇಡೀ ವರ್ಷ ಜನರ ನಗು ಕೇಳಿಸಿಕೊಂಡವಳು ಅವಳು, ಬಾಯಿಗೆ ಬಂದಂತೆ ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವಳಿಗೆ.

"ತಾತ ಇಲ್ದೆ ಟೀಮ್ ಇಲ್ಲ ಸುಶ್ರುತ" ಎಂದಳು ಕೊನೆಗೆ. "ಮೊದ್ಲು ನಮ್ ಜೊತೆ ಇದ್ದ ಹುಡುಗ್ರೆಲ್ಲಾ ಬಿಟ್ಟುಹೋದ್ರಲ್ಲ, ಅವತ್ತು ಟೈರ್ ಹೊತ್ಕೊಂಡು ಬಂದಿದ್ದು ಯಾರು? ಬೇಡ ಅಂತ ಹೇಳೋದು ಸುಲಭ. ಹೇಳಿದ್ರೆ ಕೇಳ್ತಾರೆ. ಆದ್ರೆ ರಾಹುಕಾಲದಲ್ಲಿ ನಾನು ಹೋಗ್ತಿದೀನಿ ಅಂತ ಗೆರೆ ದಾಟೋವರ್ಗೂ ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತಾರೆ. ಅವ್ರನ್ನ ಹಂಗೆ ನಿಲ್ಲಿಸಿ ನಾನು ಓಡಿಸಲ್ಲ."

"ಮತ್ತೆ ಏನ್ ಮಾಡ್ತೀಯ?"

ಅವಳು ನನ್ನ ಕಡೆ ತಿರುಗಿದಳು. "ಅತ್ತೆ, ಅಜ್ಜಿ ಊರಿಗೆ ಹೊರಡೋವಾಗ ಬ್ಯಾಗ್‌ನ ಪಕ್ಕದ್ ಮನೇಲಿ ಇಡ್ತಿದ್ರಲ್ಲ, ಅದೇನದು?"

ಪರಸ್ಥಾನ. ನನ್ನ ಅಮ್ಮನ ಕಾಲದ್ದು. ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮುಂಚೆಯೇ ಒಂದು ಚೀಲವನ್ನೋ ಸೀರೆಯನ್ನೋ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ನೀವು ಹೊರಟಂತೆ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಹೋಗಬಹುದು, ಹೋಗುವಾಗ ಅದನ್ನು ಎತ್ತಿಕೊಂಡು ಹೋಗಬೇಕು, ಅಷ್ಟೇ. ಇದನ್ನು ಸಣ್ಣವಳಿದ್ದಾಗ ನೋಡಿ, ಇಷ್ಟು ವರ್ಷ ನೆನಪಿಟ್ಟುಕೊಂಡು, ಈ ಹೊತ್ತಿನಲ್ಲಿ ಹೊರತೆಗೆದಳಲ್ಲ ಈ ಹುಡುಗಿ! ಭೇಷ್ ಎಂದೆ. ನಾನು ಭೇಷ್ ಎನ್ನುವುದು ಎಷ್ಟು ಅಪರೂಪ ಎಂದು ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿ.

ಕೊನೆಯ ಭಾನುವಾರ ಬಂತು. ಮೀಟಿಂಗಿಗೆ ಹೊರಡುವ ಮೊದಲು ಧೃತಿ ತನ್ನ ಬಲಗೈ ಗ್ಲೌಸನ್ನು ಬಿಚ್ಚಿ ಬೈರಪ್ಪನವರ ಕೈಗಿಟ್ಟಳು.

"ತಾತ, ನಾಲ್ಕೂವರೆಗೆ ರಾಹುಕಾಲ ಅಲ್ವಾ? ಅಷ್ಟರೊಳಗೆ ಇದನ್ನ ಪಕ್ಕದ ಪಿಟ್‌ನಲ್ಲಿ ಇಟ್ಟು ಬನ್ನಿ. ನಾನು ಹೊರಟ ಹಾಗಾಯ್ತು. ಹೋಗ್ತಾ ಎತ್ಕೊಂಡ್ ಹೋಗ್ತೀನಿ. ಗಾಡಿ ಸ್ಟಾರ್ಟ್ ಮಾಡೋದು ಬೇಡ."

ಬೈರಪ್ಪ ಗ್ಲೌಸನ್ನೂ ಅವಳನ್ನೂ ನೋಡಿದರು. "ಪರಸ್ಥಾನ ನಿಂಗೆಂಗ್ ಗೊತ್ತವ್ವ?" ಎಂದರು. ಮುಖ ಊರಗಲವಾಯಿತು. ಗ್ಲೌಸನ್ನು ಟವಲಿನಲ್ಲಿ ಸುತ್ತಿ, ಎರಡು ಎಲೆ, ಒಂದು ಅಡಿಕೆ ಸೇರಿಸಿ ಕೊಯಮತ್ತೂರಿನವರ ಪಿಟ್‌ಗೆ ಹೋದರು. ಆ ಹತ್ತು ಜನ ಕಿಸಕ್ಕೆಂದರು. ಆದರೆ ಅವರ ಹಿರಿಯ ಮೆಕ್ಯಾನಿಕ್ಕು, ನೆತ್ತಿ ಬೋಳಾದ ಮನುಷ್ಯ, ಗಡಿಯಾರ ನೋಡಿ ತಲೆ ಆಡಿಸಿದರು. "ರಾಹುಕಾಲಮಾ? ಕುಡುಂಗ ಅಣ್ಣಾ" ಎಂದು ಎರಡೂ ಕೈಯಲ್ಲಿ ತೆಗೆದುಕೊಂಡು ತಮ್ಮ ಮುರುಗನ ಫೋಟೋದ ಕೆಳಗೆ ಇಟ್ಟರು.

ಎಲ್ಲ ಗಾಡಿಗಳೂ ಹೊರಡುವ ಹೊತ್ತು. ಸುಶ್ರುತ ಆಗಷ್ಟೇ ಇಂಜಿನ್ ಸ್ಟಾರ್ಟ್ ಮಾಡಿದ. ಧೃತಿ ಒಂದು ಕೈ ಬರಿದಾಗಿ ಕೂತಿದ್ದಳು. ಇನ್ನೊಂದು ಜೊತೆ ಗ್ಲೌಸು ಅವಳ ಬ್ಯಾಗಿನಲ್ಲೇ ಇದ್ದದ್ದು ನನಗೆ ಗೊತ್ತಿತ್ತು. ಅತ್ತ ದಾರಿಯ ಕೊನೆಯಲ್ಲಿ ಗೇಟು ಮುಚ್ಚುವವನು ಬಾವುಟ ಎತ್ತಿ ನಿಂತಿದ್ದ; ಅದು ಬಿತ್ತೆಂದರೆ ಉಳಿದ ಗಾಡಿಗಳೆಲ್ಲ ಹೋದ ಮೇಲೆ ಇಲ್ಲಿಂದಲೇ ಹೊರಡಬೇಕು. "ಹೋಗು, ಹೋಗು, ನಿಲ್ಲಿಸ್ಬೇಡ!" ಎಂದು ಸುಶ್ರುತ ಗಂಟಲು ಹರಿಯುವಂತೆ ಕೂಗಿದ. ಅವಳು ಹೋಗಲಿಲ್ಲ. ಪಕ್ಕದ ಪಿಟ್‌ನ ಮುಂದೆ ಬ್ರೇಕ್ ಹಾಕಿ ನಿಲ್ಲಿಸಿ ಬರಿಗೈ ಚಾಚಿದಳು. ಬೋಳು ತಲೆಯವರು ಓಡಿಬಂದು ಗ್ಲೌಸು ಕೊಟ್ಟರು. ನಿಧಾನವಾಗಿ, ಒಂದೊಂದು ಬೆರಳೂ ಸರಿಯಾಗಿ ಕೂರುವಂತೆ ಹಾಕಿಕೊಂಡಳು. ಆಮೇಲೆ ಹೋದಳು. ಬಾವುಟ ಅವಳ ಬೆನ್ನ ಹಿಂದೆಯೇ ಬಿತ್ತು.

ನನ್ನ ಪಕ್ಕದಲ್ಲಿ ಬೈರಪ್ಪ ದೊಡ್ಡದಾಗಿ ಉಸಿರು ಬಿಟ್ಟರು. ಇಡೀ ವರ್ಷದ ಉಸಿರು ಅದು.

ರೇಸಿನ ಬಗ್ಗೆ ನಾನೇನು ಹೇಳಲಿ. ಮುಂದೆ ಹೋದವರು ಮುಂದೆಯೇ ಹೋದರು. ನಮ್ಮ ಹುಡುಗಿ ಕೊನೆಯ ಸಾಲಿನಿಂದ ಶುರು ಮಾಡಿ ಒಬ್ಬನನ್ನು ಹಿಂದೆ ಹಾಕಿದಳು. ಇನ್ನೊಬ್ಬ ತಿರುವಿನಲ್ಲಿ ಜಾರಿ ಮಣ್ಣಿಗಿಳಿದ. ಯಾವಾಗಲೂ ಹಬೆ ಏಳುತ್ತಿದ್ದ ಆ ಅರ್ಧ ದಾರಿ ಬಂದಾಗ ಸುಶ್ರುತ ಕಣ್ಣು ಮುಚ್ಚಿಕೊಂಡ, ನಾನು ಅವನ ತೋಳನ್ನು ಚಿವುಟಿ ಹಿಡಿದೆ. ಹಬೆ ಏಳಲಿಲ್ಲ. ಮತ್ತೊಂದು ಸುತ್ತು. ಮತ್ತೊಂದು. ಚೌಕಳಿ ಬಾವುಟದ ಕೆಳಗೆ ಗೊಟ್ಟಿಗೆರೆ ರೇಸಿಂಗ್ ಆರನೆಯದಾಗಿ ಗೆರೆ ದಾಟಿತು. ಎಂಟರಲ್ಲಿ ಆರು! ನಾನು, ಅರವತ್ತು ದಾಟಿದ ಹೆಂಗಸು, ಶಿಳ್ಳೆ ಹಾಕಿದೆ. ಮೈಕಿನವನು "ಗೊಟ್ಟಿಗೆರೆ" ಎಂದಾಗ ಈ ಸಲವೂ ಜನ ನಕ್ಕರು, ಆದರೆ ಚಪ್ಪಾಳೆಯನ್ನೂ ತಟ್ಟಿದರು.

ಗಾಡಿ ಪಿಟ್‌ಗೆ ವಾಪಸ್ಸು ಬಂತು. ಬೈರಪ್ಪ ಅಭ್ಯಾಸಬಲದಿಂದ ಟವಲು ಹಿಡಿದು ಮೊಣಕಾಲೂರಿ ಗಾಡಿಯ ಕೆಳಗೆ ಬಗ್ಗಿದರು. ಒರೆಸಲು ಏನೂ ಇರಲಿಲ್ಲ. ನೆಲ ಒಣಗಿತ್ತು. ಅಂಗೈಯಿಂದ ನೆಲವನ್ನು ಸವರಿದರು. ಮತ್ತೊಮ್ಮೆ ಸವರಿದರು. ಅಲ್ಲೇ ಕೂತುಬಿಟ್ಟರು.

ಭೂಮಿ ಉತ್ತು ಬಿತ್ತಿದ ಮನುಷ್ಯ, ನೀರು ಎಲ್ಲಿ ಹೋಯಿತು, ಯಾಕೆ ಹೋಯಿತು ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕೆ? ತಲೆ ಎತ್ತಿ ಧೃತಿಯನ್ನು ನೋಡಿದರು.

"ನಾನೇ ಅಲ್ವಾ ತಾಯಿ? ಇಷ್ಟ್ ದಿನ ಕೂಸಿನ್ನ ನಿಲ್ಲಿಸ್ತಿದ್ದೋನು ನಾನೇ ಅಲ್ವಾ?"

ಸುಶ್ರುತ ಮುಖ ತಿರುಗಿಸಿಕೊಂಡ. ಇಲ್ಲ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಧೃತಿ ಹೆಲ್ಮೆಟ್ ತೆಗೆದು, ಅವರ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹೂಂ ತಾತ, ನೀವೇ" ಎಂದಳು. "ಇವತ್ತು ಮನೆ ಸೇರಿಸಿದ್ದೂ ನೀವೇ. ಗೇಟ್ ಹತ್ರ ಅವನು ಬಾವುಟ ಎತ್ತಿದಾಗ ನಂಗೆ ಕೈ ನಡುಗ್ತಿತ್ತು ಗೊತ್ತಾ? ಗ್ಲೌಸ್ ಹಾಕ್ಕೊಳ್ತಾ ಹಾಕ್ಕೊಳ್ತಾ ನಡುಕ ನಿಂತೋಯ್ತು. ಇಷ್ಟು ದಿನ ಒಂದ್ ಸಲನೂ ಹಂಗೆ ಸಮಾಧಾನವಾಗಿ ಹೊರಟಿರ್ಲಿಲ್ಲ ನಾನು."

ಅದು ಸಮಾಧಾನಕ್ಕೆ ಹೇಳಿದ ಸುಳ್ಳಲ್ಲ. ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ, ಮೂರನೇ ಕ್ಲಾಸಿನಿಂದ ನನಗೆ ಗೊತ್ತು. ಬೈರಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ನನಗೇನು ನಾಚಿಕೆ. ಸುಶ್ರುತ ಬಂದು ಅವರ ಪಕ್ಕದಲ್ಲಿ ಕೂತು, ಗ್ರೀಸಿನ ಕೈಯಲ್ಲೇ ಅವರ ಬೆನ್ನು ಸವರಿದ. ಬಿಳಿ ಅಂಗಿಯ ಮೇಲೆ ಐದು ಬೆರಳೂ ಮೂಡಿದವು.

ಬಹುಮಾನ ಕೊಟ್ಟು ಮುಗಿಯುವ ಹೊತ್ತಿಗೆ ಆರು ದಾಟಿತ್ತು. ಪಕ್ಕದ ಪಿಟ್‌ನವರು ಸಾಮಾನು ಕಟ್ಟುತ್ತಿದ್ದರು. ಬೈರಪ್ಪ ಮೂಗು ಒರೆಸಿಕೊಂಡು ವಾಚು ನೋಡಿದರು. ಎದ್ದರು.

"ರಾಹುಕಾಲ ಮುಗೀತು. ಆ ಗ್ಲೌಸ್ ಇತ್ತ ಕೊಡವ್ವ."

ಧೃತಿ ಯಾಕೆ ಎಂದು ಕೇಳದೆ ಬಿಚ್ಚಿ ಕೊಟ್ಟಳು. ಅವರು ಅದನ್ನು ಮತ್ತೆ ಟವಲಿನಲ್ಲಿ ಸುತ್ತಿ, ಉಳಿದಿದ್ದ ಎಲೆ ಅಡಿಕೆ ಸೇರಿಸಿ, ಕೊಯಮತ್ತೂರಿನ ಆ ಬೋಳು ತಲೆಯವರ ಮುಂದೆ ಹಿಡಿದರು.

"ಇದು ನಿಮ್ ತಾವ್ಲೇ ಇರ್ಲಿ ಸ್ವಾಮಿ. ಮುಂದಿನ್ ವರ್ಷ ಹೋಗ್ತಾ ಎತ್ಕೊಂಡ್ ಹೋಯ್ತೀವಿ."

ಅವರಿಗೆ ಕನ್ನಡ ಎಷ್ಟು ಅರ್ಥವಾಯಿತೋ ಕಾಣೆ. ಗಂಟನ್ನು ಕಣ್ಣಿಗೊತ್ತಿಕೊಂಡು ಮುರುಗನ ಫೋಟೋದ ಜೊತೆಯಲ್ಲೇ ತಮ್ಮ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದರು. ಬೈರಪ್ಪ ವಾಪಸ್ಸು ಬಂದು ನಮ್ಮ ಮೂವರನ್ನೂ ನೋಡಿ ಹೇಳಿದರು, "ಹೊರಟಾಯ್ತು ಕಣ್ರಪ್ಪ."